ಬೆಂಗಳೂರಲ್ಲಿ ಮೊದಲ ಸಲ ಕ್ಲಬ್‌ಗೆ ಹೋಗುವ ನಾಲ್ಕು ಹುಡುಗರಿಗೆ ಯಾವ ಜಾಗ ಸರಿ?

ನೀವು ಕೇಳಿರುವುದು ಇಷ್ಟು. ದಾವಣಗೆರೆಯಿಂದ ನಾಲ್ಕು ಜನ ಗೆಳೆಯರು ರೈಲಲ್ಲಿ ಬರುತ್ತಿದ್ದೀರಿ, ಒಬ್ಬನಿಗೆ ಕೆಲಸ ಸಿಕ್ಕಿದೆ, ಮೆಜೆಸ್ಟಿಕ್ ಹತ್ತಿರ ರೂಮ್ ಮಾಡಿದ್ದೀರಿ, ಶನಿವಾರ ರಾತ್ರಿ ಒಂದು ಒಳ್ಳೆಯ ಕ್ಲಬ್‌ಗೆ ಹೋಗಬೇಕು, ತಲೆಗೆ 2000 ರೂಪಾಯಿ ಒಳಗೆ ಮುಗಿಯಬೇಕು. ನಾಲ್ವರೂ ಹುಡುಗರು. ಯಾರೂ ಇದುವರೆಗೆ ಕ್ಲಬ್ ಒಳಗೆ ಕಾಲಿಟ್ಟಿಲ್ಲ. ಯಾವುದಾದರೂ ಹೆಸರು ಹೇಳಿ ಅಂದಿದ್ದೀರಿ.

ಹೇಳುತ್ತೇನೆ. ಆದರೆ ಹೆಸರಿಗಿಂತ ಮೊದಲು ಹೇಳಬೇಕಾದ್ದು ಸುಮಾರಿದೆ. ನಾನು ಇಂದಿರಾನಗರದ ಒಂದು ಪಬ್‌ನಲ್ಲಿ ನಾಲ್ಕು ವರ್ಷ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೂತವನು. ಊರಿಂದ ಆಸೆಪಟ್ಟು ಬಂದ ಹುಡುಗರು ಬಾಗಿಲಲ್ಲೇ ಅರ್ಧ ಗಂಟೆ ನಿಂತು, ಬೌನ್ಸರ್ ಹತ್ತಿರ ಬೇಡಿಕೊಂಡು, ಆಮೇಲೆ ಮುಖ ಸಣ್ಣ ಮಾಡಿಕೊಂಡು ವಾಪಸ್ ಹೋಗುವುದನ್ನು ಪ್ರತಿ ಶನಿವಾರ ನೋಡುತ್ತಿದ್ದೆ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ದೊಡ್ಡ ತೊಡಕು ದುಡ್ಡಲ್ಲ, ನಾಲ್ವರೂ ಹುಡುಗರು ಅನ್ನುವುದು. ಇದಕ್ಕೆ ಸ್ಟ್ಯಾಗ್ ಎಂಟ್ರಿ ಅನ್ನುತ್ತಾರೆ. ಡಾನ್ಸ್ ಫ್ಲೋರ್ ಇರುವ ಜಾಗಗಳಲ್ಲಿ ಶುಕ್ರವಾರ, ಶನಿವಾರ ಬರೀ ಹುಡುಗರ ಗುಂಪನ್ನು ಒಳಗೆ ಬಿಡುವುದು ಕಡಿಮೆ. ಬಿಟ್ಟರೂ ಜಾಸ್ತಿ ದುಡ್ಡು ತೆಗೆದುಕೊಳ್ಳುತ್ತಾರೆ. ಒಳಗೆ ಹುಡುಗರೇ ತುಂಬಿಬಿಟ್ಟರೆ ಹುಡುಗಿಯರು ಬರುವುದಿಲ್ಲ, ಜಗಳವೂ ಹೆಚ್ಚು ಅನ್ನುವುದು ಅವರ ಲೆಕ್ಕ. ನನಗೆ ಈ ಪದ್ಧತಿ ಆಗಲೂ ಇಷ್ಟ ಇರಲಿಲ್ಲ, ಈಗಲೂ ಇಲ್ಲ. ನೆಟ್ಟಗೆ ಇರುವ ಹುಡುಗರಿಗೆ ಬಾಗಿಲಲ್ಲಿ ಅವಮಾನ ಆಗುತ್ತದೆ. ಆದರೆ ಅದು ಹಾಗೇ ನಡೆದುಕೊಂಡು ಬಂದಿದೆ. ಅದಕ್ಕೇ ಹೋಗುವ ಮುಂಚೆ ಫೋನ್ ಮಾಡಿ, 'ನಾಲ್ಕು ಜನ ಹುಡುಗರು, ಶನಿವಾರ ಬಿಡ್ತೀರಾ, ಎಷ್ಟಾಗುತ್ತೆ' ಅಂತ ನೇರವಾಗಿ ಕೇಳಿ. ಕನ್ನಡದಲ್ಲೇ ಕೇಳಿ, ಅಳುಕು ಬೇಡ. ನಮ್ಮಲ್ಲಿ ಫೋನ್ ತೆಗೆಯುತ್ತಿದ್ದ ಹುಡುಗ ಹಾಸನದವನು, ಬಾಗಿಲಲ್ಲಿ ನಿಲ್ಲುತ್ತಿದ್ದ ಇಬ್ಬರೂ ಮಾಗಡಿ ಕಡೆಯವರು.

ಅದೇ ಫೋನಲ್ಲಿ ಇನ್ನೊಂದು ಮಾತು ಕೇಳಬೇಕು. ಅವರು ಹೇಳುವ ದುಡ್ಡು ಬರೀ ಎಂಟ್ರಿಗಾ, ಇಲ್ಲ ಕವರ್ ಚಾರ್ಜಾ? ಕವರ್ ಅಂದರೆ ನೀವು ಕೊಟ್ಟ 1500ಕ್ಕೆ ಒಳಗೆ ಕುಡಿಯಬಹುದು, ತಿನ್ನಬಹುದು, ಬಿಲ್‌ನಲ್ಲಿ ಕಳೆಯುತ್ತಾರೆ. ಎಂಟ್ರಿ ಅಂದರೆ ಅದು ಹೋಯಿತು, ಒಳಗೆ ಮತ್ತೆ ಕೊಡಬೇಕು. ಕೆಲವು ಕಡೆ ಅರ್ಧ ಕವರ್, ಅರ್ಧ ಎಂಟ್ರಿ. ಇದು ಗೊತ್ತಿಲ್ಲದೆ ಕೌಂಟರ್‌ಗೆ ಬಂದು ನನ್ನ ಹತ್ತಿರ ಜಗಳ ಆಡಿದವರು ಎಷ್ಟೋ ಜನ. ತಪ್ಪು ಅವರದ್ದಲ್ಲ, ಬಾಗಿಲಲ್ಲಿ ಯಾರೂ ಬಿಡಿಸಿ ಹೇಳಿರುತ್ತಿರಲಿಲ್ಲ.

ಗೆಸ್ಟ್ ಲಿಸ್ಟ್ ಅಂದರೆ ಒಳಗೆ ಬಿಡಬೇಕಾದವರ ಹೆಸರು ಮೊದಲೇ ಬರೆದಿಟ್ಟ ಪಟ್ಟಿ. ಇನ್‌ಸ್ಟಾಗ್ರಾಂನಲ್ಲಿ 'ಗೆಸ್ಟ್ ಲಿಸ್ಟ್ ಮಾಡಿಕೊಡ್ತೀನಿ' ಅಂತ ಸಿಗುವವರಿಗೆ ಮುಂಗಡ ಕಳಿಸಬೇಡಿ. ನನ್ನ ಚಿಕ್ಕಪ್ಪನ ಮಗ ತರೀಕೆರೆಯಿಂದ ಬಂದಾಗ ನನಗೂ ಹೇಳದೆ ಹೀಗೆ 3000 ಕಳಿಸಿದ್ದ. ಹನ್ನೊಂದಕ್ಕೆ ಬಾಗಿಲಿಗೆ ಹೋದರೆ ಲಿಸ್ಟ್ ಹತ್ತೂವರೆಗೇ ಮುಗಿದಿತ್ತು, ದುಡ್ಡು ತೆಗೆದುಕೊಂಡವನು ಫೋನ್ ಎತ್ತಲಿಲ್ಲ. ಪಾಪ, ಮೂರು ಜನ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ನನ್ನ ರೂಮಿಗೆ ಬಂದು ಸುಮ್ನೆ ಕೂತಿದ್ದರು. ಆ ರಾತ್ರಿ ನನಗೆ ಇನ್ನೂ ನೆನಪಿದೆ.

ಈಗ ಸಮಯದ ವಿಷಯ. ಬೆಂಗಳೂರಿನ ರಾತ್ರಿ ರೀಲ್ಸ್‌ನಲ್ಲಿ ಕಾಣುವಷ್ಟು ಉದ್ದ ಇಲ್ಲ. ಇಲ್ಲಿ ಪಬ್, ಕ್ಲಬ್ ಎಲ್ಲ ರಾತ್ರಿ 1 ಗಂಟೆಗೆ ಮುಚ್ಚಬೇಕು. ವಾರದ ಎಲ್ಲ ದಿನ 1 ಗಂಟೆ ಅಂತ ಆಗಿದ್ದೂ 2016ರಲ್ಲಿ. ಹನ್ನೆರಡೂವರೆಯ ಹೊತ್ತಿಗೆ ಲಾಸ್ಟ್ ಆರ್ಡರ್ ಕೇಳಿಕೊಂಡು ಬರುತ್ತಾರೆ, ಆಮೇಲೆ ಲೈಟ್ ಹಾಕಿಬಿಡುತ್ತಾರೆ. ಹನ್ನೊಂದಕ್ಕೆ ಹೋಗೋಣ ಅಂತ ಇದ್ದರೆ ಬರೀ ಒಂದೂವರೆ ತಾಸಿನ ಖುಷಿಗೆ ಪೂರ್ತಿ ದುಡ್ಡು ಕೊಟ್ಟ ಹಾಗೆ. ಎಂಟಕ್ಕೇ ಒಳಗಿರಿ. ಬೇಗ ಹೋದರೆ ಸ್ಟ್ಯಾಗ್ ತಕರಾರೂ ಕಡಿಮೆ, ಎಷ್ಟೋ ಕಡೆ ಒಂಬತ್ತರ ತನಕ ಕವರ್ ಕೂಡ ಇರುವುದಿಲ್ಲ.

ಜಾಗ ಆರಿಸುವಾಗ ಮೊದಲು ವಾಪಸ್ ಬರುವ ದಾರಿ ನೋಡಿ. ವೈಟ್‌ಫೀಲ್ಡ್, ಹೆಬ್ಬಾಳ, ಸರ್ಜಾಪುರ ರಸ್ತೆ ಕಡೆ ಎಷ್ಟೇ ಚೆನ್ನಾಗಿರುವ ಜಾಗ ಇರಲಿ, ಮೆಜೆಸ್ಟಿಕ್‌ನಲ್ಲಿ ರೂಮ್ ಮಾಡಿದವರಿಗೆ ಅದು ಬೇಡ. ರಾತ್ರಿ ಒಂದಕ್ಕೆ ಎಲ್ಲ ಕ್ಲಬ್‌ಗಳೂ ಒಟ್ಟಿಗೆ ಖಾಲಿಯಾಗುತ್ತವೆ, ಎಲ್ಲರೂ ಒಟ್ಟಿಗೆ ಕ್ಯಾಬ್ ಹುಡುಕುತ್ತಾರೆ, ಹೋಗುವಾಗ 300 ಆದ ದಾರಿ ಬರುವಾಗ 900 ಆಗುತ್ತದೆ. ನಿಮಗೆ ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ ಕಡೆಯೇ ಸರಿ. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊ ಹತ್ತಿದರೆ ನಾಲ್ಕನೆಯ ಸ್ಟೇಷನ್ನೇ ಎಂ.ಜಿ. ರಸ್ತೆ. ಇಳಿದು ಐದು ನಿಮಿಷ ನಡೆದರೆ ಚರ್ಚ್ ಸ್ಟ್ರೀಟ್. ಬರುವಾಗ ಮೆಟ್ರೊ ಇರುವುದಿಲ್ಲ, ಆದರೆ ದೂರ ಬರೀ ಐದು ಕಿಲೋಮೀಟರ್ ಅಷ್ಟೇ. ಆಟೊ ಮೀಟರ್ ಲೆಕ್ಕ 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಒಂದೂವರೆ ಪಟ್ಟು. ಅಂದರೆ ನ್ಯಾಯವಾಗಿ 135 ರೂಪಾಯಿ ಆಗಬೇಕು. ಮೀಟರ್ ಹಾಕಲು ಒಪ್ಪುವವರು ಕಡಿಮೆ, ಜಾಸ್ತಿ ಕೇಳುತ್ತಾರೆ. ನಿಜವಾದ ಲೆಕ್ಕ ಗೊತ್ತಿದ್ದರೆ ಚೌಕಾಸಿ ಮಾಡಲು ಧೈರ್ಯ ಬರುತ್ತದೆ. ಇನ್ನೊಂದು, ಆಟೊದಲ್ಲಿ ಮೂರೇ ಜನ. ನೀವು ನಾಲ್ವರು. ಕ್ಯಾಬ್ ಮಾಡಿ, ಇಲ್ಲ ಇಬ್ಬಿಬ್ಬರಾಗಿ ಎರಡು ಆಟೊ ಹಿಡಿಯಿರಿ. ಕುಡಿದವನನ್ನು ಮಾತ್ರ ಒಬ್ಬನನ್ನೇ ಕಳಿಸಬೇಡಿ.

ಬೈಕು, ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ತನಕ ದಂಡ, ಆರು ತಿಂಗಳ ತನಕ ಜೈಲೂ ಆಗಬಹುದು. ಕೆಲಸಕ್ಕೆ ಸೇರಬೇಕಾದ ಹುಡುಗನಿಗೆ ಅದು ಬೇಕಾ?

ಪಬ್, ಬ್ರೂವರಿ, ಕ್ಲಬ್ ಮೂರೂ ಬೇರೆ ಬೇರೆ. ಊರಲ್ಲಿ ಎಲ್ಲವನ್ನೂ ಪಬ್ ಅಂದುಬಿಡುತ್ತೇವೆ, ಅಲ್ವಾ? ಪಬ್‌ನಲ್ಲಿ ಕೂತು ಕುಡಿಯುತ್ತೀರಿ, ಮಾತಾಡುತ್ತೀರಿ, ಹಿಂದೆ ಹಾಡು ಇರುತ್ತದೆ. ಬ್ರೂವರಿಯಲ್ಲಿ ಬಿಯರ್ ಅಲ್ಲೇ ತಯಾರಾಗುತ್ತದೆ. ಕ್ಲಬ್‌ಗೆ ಹೋಗುವುದು ಕುಣಿಯಲು. ಬೆಂಗಳೂರಿಗೆ ಪಬ್ ಊರು ಅಂತ ಹೆಸರು ಬಂದು ಮೂವತ್ತು ವರ್ಷದ ಮೇಲಾಯಿತು, ಆದರೆ ಕುಣಿಯಲು ಜಾಗ ಈಗಲೂ ಕಡಿಮೆಯೇ. ಅದಕ್ಕೆ ಕಾರಣ ಇದೆ. ಹಾಡು ಹಾಕಿ ಜನ ಸೇರಿಸುವ ಜಾಗಗಳಿಗೆ ಪೊಲೀಸ್ ಲೈಸೆನ್ಸ್ ಬೇಕು ಅಂತ 2005ರಲ್ಲಿ ಆದೇಶ ಬಂತು. ಅದರ ಮೇಲೆ ವರ್ಷಗಟ್ಟಲೆ ಕೇಸು ನಡೆದು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ಸರಿ ಅಂದಿತು. ಆಗ ಎಷ್ಟೋ ಪಬ್‌ಗಳಲ್ಲಿ ಹಾಡೇ ನಿಂತುಹೋಗಿತ್ತು. ಹಾಗಾಗಿ ಹೆಸರಲ್ಲಿ ಕ್ಲಬ್ ಅಂತ ಇದ್ದರೂ ಒಳಗೆ ಬರೀ ಟೇಬಲ್‌ಗಳಿರುವ ಜಾಗ ಬೇಕಾದಷ್ಟಿವೆ. 'ಡಾನ್ಸ್ ಫ್ಲೋರ್ ಇದೆಯಾ' ಅಂತಲೂ ಕೇಳಿ.

ಹೆಸರು ಹೇಳುತ್ತೇನೆ ಅಂದಿದ್ದೆ. ಸಂಜೆ ಏಳಕ್ಕೆ ಬ್ರಿಗೇಡ್ ರಸ್ತೆ ಪಕ್ಕದ ರೆಸ್ಟ್ ಹೌಸ್ ರಸ್ತೆಯಲ್ಲಿರುವ ಪೆಕೋಸ್ ಅನ್ನುವ ಪಬ್‌ಗೆ ಹೋಗಿ. 1989ರಿಂದ ಇದೆ. ಇಕ್ಕಟ್ಟಾದ ಜಾಗ, ಹಳೆಯ ರಾಕ್ ಹಾಡು, ಡ್ರಾಫ್ಟ್ ಬಿಯರ್. ಅಲ್ಲಿ ನಿಮ್ಮ ಬಟ್ಟೆಯನ್ನು, ಗುಂಪನ್ನು ಯಾರೂ ಅಳೆಯುವುದಿಲ್ಲ. ಮೊದಲ ಸಲ ಬಂದವರಿಗೆ ಬೆಂಗಳೂರು ಅಂದರೆ ಏನು ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಅಲ್ಲೇ ಬಿಯರ್ ತಯಾರಿಸುವ ಜಾಗ ನೋಡಬೇಕು ಅಂದರೆ ಮ್ಯಾಗ್ರಾತ್ ರಸ್ತೆಯ ಆರ್ಬರ್ ನಡೆದು ಹೋಗುವಷ್ಟು ಹತ್ತಿರ. ಇಂದಿರಾನಗರದ ಟಾಯ್ಟ್ ಅನ್ನುವ ಬ್ರೂವರಿ 2010ರಿಂದ ಇದೆ, ಚೆನ್ನಾಗಿದೆ, ಆದರೆ ಶನಿವಾರ ಸಂಜೆ ಹೊರಗೆ ಕಾಯಲು ತಯಾರಿರಬೇಕು. ಕುಣಿಯುವ ಕ್ಲಬ್‌ಗೆ ಮಾತ್ರ ನಾನು ಬೇಕಂತಲೇ ಹೆಸರು ಹೇಳುತ್ತಿಲ್ಲ. ಅವು ಎರಡು ಮೂರು ವರ್ಷಕ್ಕೆ ಹೆಸರು ಬದಲಿಸುತ್ತವೆ, ಮಾಲೀಕರು ಬದಲಾಗುತ್ತಾರೆ. ಒಂದೇ ಹಾಲ್‌ನಲ್ಲಿ ಬುಧವಾರ ಹಿಂದಿ ಹಾಡು, ಶುಕ್ರವಾರ ಟೆಕ್ನೊ. ಅವತ್ತಿನ ಡಿಜೆ ಯಾರು, ಯಾವ ಹಾಡು ಹಾಕುತ್ತಾರೆ ಅಂತ ಅವರ ಪೇಜ್‌ನಲ್ಲಿ ಅದೇ ವಾರದ ಪೋಸ್ಟರ್ ನೋಡಿ. ಅರ್ಥವಾಗದ ಹಾಡಿಗೆ ಮೂರು ಗಂಟೆ ನಿಲ್ಲುವುದು ಕಷ್ಟ. ಕನ್ನಡ ಹಾಡಿನ ರಾತ್ರಿ ಅಂತಲೇ ಮಾಡುವ ಜಾಗಗಳೂ ಈಗ ಇವೆ, ನವೆಂಬರ್‌ನಲ್ಲಿ ಜಾಸ್ತಿ. ಅಂಥದ್ದು ಸಿಕ್ಕರೆ ಅದಕ್ಕೇ ಹೋಗಿ. ನಮ್ಮ ಪಬ್‌ನಲ್ಲಿ ವರ್ಷಕ್ಕೊಮ್ಮೆ ಹಾಗೆ ಮಾಡುತ್ತಿದ್ದರು, ಅವತ್ತು ಅಡುಗೆಮನೆಯ ಹುಡುಗರೂ ಹೊರಗೆ ಬಂದು ಕುಣಿದಿದ್ದಾರೆ.

ಒಳಗೆ ಹೋದ ಕೂಡಲೇ ಒಂದು ಕೆಲಸ ಮಾಡಿ, ಇದನ್ನು ಮಾತ್ರ ಮರೆಯಬೇಡಿ. ಹೊರಗೆ ಹೋಗಲು ಎರಡನೆಯ ದಾರಿ ಎಲ್ಲಿದೆ ಅಂತ ನೋಡಿ. 2017ರ ಡಿಸೆಂಬರ್‌ನಲ್ಲಿ ಮುಂಬೈನ ಕಮಲಾ ಮಿಲ್ಸ್‌ನಲ್ಲಿ ಮಹಡಿ ಮೇಲಿನ ಪಬ್‌ಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. 2023ರ ಅಕ್ಟೋಬರ್‌ನಲ್ಲಿ ನಮ್ಮ ಕೋರಮಂಗಲದಲ್ಲೇ ಮೇಲಿನ ಮಹಡಿಯ ಒಂದು ಕೆಫೆಗೆ ಬೆಂಕಿ ಬಿತ್ತು, ಒಬ್ಬ ಮೇಲಿಂದ ಕೆಳಗೆ ಜಿಗಿದ. 2025ರ ಡಿಸೆಂಬರ್‌ನಲ್ಲಿ ಗೋವಾದ ಅರ್ಪೋರಾದ ಕ್ಲಬ್‌ಗೆ ಬೆಂಕಿ ಬಿದ್ದು 25 ಜನ ಸತ್ತರು, ಅದರಲ್ಲಿ ಜಾಸ್ತಿ ಜನ ಅಲ್ಲೇ ಕೆಲಸ ಮಾಡುತ್ತಿದ್ದ ಬಡಪಾಯಿಗಳು. ನಾನು ಕೆಲಸ ಮಾಡುತ್ತಿದ್ದ ಕಡೆ ಹಿಂದಿನ ಮೆಟ್ಟಿಲ ಮೇಲೆ ಬಿಯರ್ ಕ್ರೇಟು, ಮುರಿದ ಕುರ್ಚಿ ಪೇರಿಸಿಟ್ಟಿದ್ದರು. ಮೂರು ಸಲ ಹೇಳಿದೆ. ತೆಗೆಸುತ್ತೇವೆ ಅಂದರು, ತೆಗೆಸಲಿಲ್ಲ. ನಾನು ಆ ಕೆಲಸ ಬಿಟ್ಟಿದ್ದಕ್ಕೆ ಅದೂ ಒಂದು ಕಾರಣ. ಬರೀ ಲಿಫ್ಟು, ಒಂದು ಕಿರಿದಾದ ಮೆಟ್ಟಿಲು, ಒಳಗೆ ಕಾಲಿಡಲೂ ಜಾಗ ಇಲ್ಲ, ಬಾಟಲ್ ಮೇಲೆ ಪಟಾಕಿ ಹಚ್ಚಿಕೊಂಡು ತರುತ್ತಿದ್ದಾರೆ ಅಂದರೆ ಕವರ್ ದುಡ್ಡು ಹೋದರೂ ಹೋಗಲಿ, ಎದ್ದು ಬಂದುಬಿಡಿ.

ಗುರುತಿನ ಚೀಟಿ ತನ್ನಿ, ನಾಲ್ವರೂ. ಬಾಗಿಲಲ್ಲಿ 21 ವರ್ಷ ತುಂಬಿರಬೇಕು ಅನ್ನುತ್ತಾರೆ. ನಿಮ್ಮಲ್ಲಿ ಒಬ್ಬನಿಗೆ 20 ಆಗಿದ್ದರೂ ಅವನನ್ನು ಒಳಗೆ ಬಿಡುವುದಿಲ್ಲ ಅಂತಲೇ ತಿಳಿದುಕೊಳ್ಳಿ, ಅವನನ್ನು ಬಿಟ್ಟು ಮೂವರು ಒಳಗೆ ಹೋಗುವ ಹಾಗೆ ಆಗಬಾರದು. ಚಪ್ಪಲಿ, ಚಡ್ಡಿ ಬೇಡ, ಶೂ ಹಾಕಿ.

ದುಡ್ಡಿನ ಮಾತು. ಬಿಲ್ ಬಂದಾಗ ಓದಿ. ಊಟಕ್ಕೆ ಸಾಮಾನ್ಯವಾಗಿ 5% ಜಿಎಸ್‌ಟಿ ಇರುತ್ತದೆ, ಮದ್ಯಕ್ಕೆ ಜಿಎಸ್‌ಟಿ ಇಲ್ಲ. ಸರ್ವಿಸ್ ಚಾರ್ಜ್ ಅಂತ ಸೇರಿಸಿದ್ದರೆ ಅದು ಕಡ್ಡಾಯ ಅಲ್ಲ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನೇ ಹೇಳಿದೆ. ತೆಗೆಯಿರಿ ಅಂತ ಮೆತ್ತಗೆ ಹೇಳಿ, ತೆಗೆಯುತ್ತಾರೆ. ಆದರೆ ನಿಮ್ಮ ಟೇಬಲ್ ನೋಡಿಕೊಂಡ ಹುಡುಗನ ಕೈಗೆ ನೂರೋ ಇನ್ನೂರೋ ಕೊಡಿ. ರಾತ್ರಿ ಎರಡಕ್ಕೆ ಮನೆಗೆ ಹೋಗುವವನು ಅವನು.

2000 ಸಾಕಾ? ಪೆಕೋಸ್‌ನಲ್ಲಿ ಶುರು ಮಾಡಿ, ಕ್ಲಬ್‌ನಲ್ಲಿ ಒಂದೆರಡು ಡ್ರಿಂಕ್ ಅಷ್ಟೇ ಅಂದರೆ ಬಿಗಿಯಾಗಿ ಸಾಕಾಗುತ್ತದೆ. ಕ್ಯಾಬ್ ದುಡ್ಡು ಮೊದಲೇ ಬೇರೆ ಜೇಬಿನಲ್ಲಿ ಇಡಿ. ಹೊಟ್ಟೆಗೆ ತಿಂದು ಹೋಗಿ. ಲಾಂಗ್ ಐಲ್ಯಾಂಡ್ ಐಸ್ ಟೀ ಅಂತ ಮೆನುವಿನಲ್ಲಿ ಕಾಣುತ್ತದೆ, ಹೆಸರಲ್ಲಿ ಟೀ ಇದ್ದರೂ ಅದರಲ್ಲಿ ವೋಡ್ಕಾ, ಜಿನ್, ರಮ್, ಟಕೀಲಾ ಎಲ್ಲ ಒಟ್ಟಿಗೆ ಇರುತ್ತದೆ. ಮೊದಲ ಸಲ ಬಂದವರು ಅದರಲ್ಲೇ ಮಲಗುವುದು. ಲೋಟವನ್ನು ಟೇಬಲ್ ಮೇಲೆ ಬಿಟ್ಟು ಕುಣಿಯಲು ಹೋಗಬೇಡಿ. ಕುಡಿಯದವನು ನಿಮ್ಮಲ್ಲಿ ಒಬ್ಬ ಇದ್ದರೆ ಒತ್ತಾಯ ಮಾಡಬೇಡಿ, ಕ್ಯಾಬ್ ಮಾಡುವ ಕೆಲಸ ಅವನಿಗೆ ಕೊಡಿ.

ಕುಣಿಯುವಾಗ ಬೇರೆಯವರ ವಿಡಿಯೊ ಮಾಡಬೇಡಿ. ಹುಡುಗಿಯರ ಗುಂಪಿನ ಪಕ್ಕಕ್ಕೆ ಜರುಗಿ ಜರುಗಿ ಹೋಗುವುದೂ ಬೇಡ. ಕೌಂಟರ್‌ನಲ್ಲಿ ಕೂತವನಿಗೆ ಅದೆಲ್ಲ ಕಾಣುತ್ತದೆ. ಅವರ ಮುಖ ಹೇಗೆ ಬದಲಾಗುತ್ತಿತ್ತು, ಹೇಗೆ ಬ್ಯಾಗ್ ಎತ್ತಿಕೊಂಡು ಹೊರಡುತ್ತಿದ್ದರು ಅಂತ ನಾನು ನೋಡಿದ್ದೇನೆ. ಅವರೂ ನಿಮ್ಮ ಹಾಗೆ ಯಾರದೋ ಖುಷಿಗೆ ಬಂದಿರುತ್ತಾರೆ.

ಮುಗಿದ ಮೇಲೆ ಹಸಿವಾಗಿದ್ದು, ಬಾಗಿಲು ಇನ್ನೂ ತೆರೆದಿದ್ದರೆ ಚರ್ಚ್ ಸ್ಟ್ರೀಟ್‌ನ ಎಂಪೈರ್ ಹೋಟೆಲ್‌ನಲ್ಲಿ ತುಪ್ಪದ ಅನ್ನ, ಕಬಾಬ್ ತಿನ್ನಿ. ಕೆಲಸ ಸಿಕ್ಕವನ ಪಾಲು ನೀವು ಮೂವರು ಕೊಡಿ, ನನ್ನ ಕಡೆಯಿಂದಲೂ ಅವನಿಗೆ ಶುಭಾಶಯ ಹೇಳಿ.