ಗ್ವಾಂಟನಾಮೊ ತೆರೆದವರು ಬೆಂಬಲ ಕೊಟ್ಟರೆ ಏನನ್ನಬೇಕು?

ಪ್ರಶ್ನೆ: ಸರ್, 2024ರ ಅಮೆರಿಕ ಚುನಾವಣೆಯಲ್ಲಿ ಬುಷ್ ಕಾಲದ ಉಪಾಧ್ಯಕ್ಷ ಡಿಕ್ ಚೆನಿ ತಮ್ಮ ವೋಟು ಕಮಲಾ ಹ್ಯಾರಿಸ್‌ಗೆ ಅಂದಾಗ ನನ್ನ ಗೆಳೆಯರೆಲ್ಲ ಖುಷಿಪಟ್ಟರು. ನನಗೆ ಮಾತ್ರ ಕಸಿವಿಸಿಯಾಯಿತು. ಕ್ಯೂಬಾದಲ್ಲಿರುವ ಅಮೆರಿಕದ ಗ್ವಾಂಟನಾಮೊ ಸೆರೆಮನೆ, ಗುಪ್ತ ಜೈಲು, ಚಿತ್ರಹಿಂಸೆ, ಇದಕ್ಕೆಲ್ಲ ಬೆನ್ನಿಗೆ ನಿಂತವರು ಅವರೇ ಅಲ್ವಾ? ಇಂಥವರ ಬೆಂಬಲ ಬೇಡ ಅನ್ನಬೇಕಿತ್ತಲ್ಲವೇ?

ಉತ್ತರ: ಕಸಿವಿಸಿ ನನಗೂ ಆಗಿತ್ತು. ಆದರೆ ವೋಟು ಹಾಕುವವರ ಸ್ವತ್ತು, ಬೇಡ ಅಂತ ಅಭ್ಯರ್ಥಿ ಅದನ್ನು ವಾಪಸ್ ಮಾಡಲು ಬರುವುದಿಲ್ಲ. ಚೆನಿ ಸೆಪ್ಟೆಂಬರ್ 6ರಂದು ಹೇಳಿಕೆ ಕೊಟ್ಟರು. ದೇಶದ 248 ವರ್ಷಗಳ ಇತಿಹಾಸದಲ್ಲಿ ಟ್ರಂಪ್‌ಗಿಂತ ದೊಡ್ಡ ಅಪಾಯ ಗಣರಾಜ್ಯಕ್ಕೆ ಬಂದಿರಲಿಲ್ಲ ಎಂದರು. ಹಾಗೆ ಹೇಳುವ ಹಕ್ಕು ಅವರಿಗಿತ್ತು. ರಿಪಬ್ಲಿಕನ್ ಪಕ್ಷದಿಂದ ಎರಡು ಅವಧಿಗೆ ಉಪಾಧ್ಯಕ್ಷರಾಗಿದ್ದವರು ತಮ್ಮದೇ ಪಕ್ಷದ ಅಭ್ಯರ್ಥಿ ಬಗ್ಗೆ ಹೀಗೆ ಹೇಳಿದ್ದು ಸಣ್ಣ ಸುದ್ದಿಯೂ ಅಲ್ಲ.

ನನ್ನ ತಕರಾರು ಮರುದಿನದ್ದು. ಈ ಬೆಂಬಲದಿಂದ ತಮಗೆ ಗೌರವ ಸಿಕ್ಕಂತಾಗಿದೆ ಎಂದು ಹ್ಯಾರಿಸ್ ಪತ್ರಕರ್ತರ ಮುಂದೆ ಹೇಳಿದರು. ಪಕ್ಷಕ್ಕಿಂತ ದೇಶ ದೊಡ್ಡದು ಅಂದುಕೊಂಡವರು ಅಂತ ಹೊಗಳಿದರು. ಅಷ್ಟಕ್ಕೇ ಮಾತು ಮುಗಿಯಿತು.

ಇದೇ ಹ್ಯಾರಿಸ್ ಆರು ವರ್ಷ ಹಿಂದೆ ಏನು ಮಾಡಿದ್ದರು ಅಂತ ನೋಡಿ. 2018ರ ಮೇ 9. ಸಿಐಎ ಮುಖ್ಯಸ್ಥೆಯ ಹುದ್ದೆಗೆ ಜೀನಾ ಹ್ಯಾಸ್ಪೆಲ್ ಅವರನ್ನು ಟ್ರಂಪ್ ಹೆಸರಿಸಿದ್ದರು. ಹ್ಯಾಸ್ಪೆಲ್ 2002ರಲ್ಲಿ ಥಾಯ್ಲೆಂಡ್‌ನಲ್ಲಿದ್ದ ಗುಪ್ತ ಜೈಲೊಂದರ ಉಸ್ತುವಾರಿ ಹೊತ್ತಿದ್ದವರು. ವಿಚಾರಣೆಗಳನ್ನು ಚಿತ್ರೀಕರಿಸಿದ್ದ 92 ಟೇಪುಗಳನ್ನು 2005ರಲ್ಲಿ ನಾಶ ಮಾಡಲು ಹೋದ ಆದೇಶದ ಕರಡು ಬರೆದವರೂ ಅವರೇ. ಸೆನೆಟ್‌ನ ಗುಪ್ತಚರ ಸಮಿತಿಯಲ್ಲಿ ಹ್ಯಾರಿಸ್ ಎದುರಿಗೆ ಕೂತು ಒತ್ತಿ ಕೇಳಿದ ಪ್ರಶ್ನೆಯೊಂದಿತ್ತು. ಆಗ ಬಳಸಿದ ಆ ವಿಧಾನಗಳು ಅನೈತಿಕ ಅಂತ ನೀವು ಒಪ್ಪುತ್ತೀರಾ? ಹ್ಯಾಸ್ಪೆಲ್ ಸುತ್ತಿ ಬಳಸಿ ಏನೇನೋ ಹೇಳಿದರು. ಹ್ಯಾರಿಸ್ ಬಿಡಲಿಲ್ಲ, ಹೌದೋ ಅಲ್ಲವೋ ಹೇಳಿ ಅಂತ ಮತ್ತೆ ಮತ್ತೆ ಕೇಳಿದರು. ನೇರ ಉತ್ತರ ಸಿಗಲಿಲ್ಲ. 54-45ರಲ್ಲಿ ಹ್ಯಾಸ್ಪೆಲ್ ಆಯ್ಕೆಯಾದಾಗ ವಿರೋಧವಾಗಿ ಮತ ಹಾಕಿದವರಲ್ಲಿ ಹ್ಯಾರಿಸ್ ಒಬ್ಬರು.

ಕೆಳಗೆ ಕೆಲಸ ಮಾಡಿದ ಅಧಿಕಾರಿಗೆ ಅಷ್ಟು ಗಟ್ಟಿಯಾಗಿ ಕೇಳಿದ ಪ್ರಶ್ನೆಯನ್ನು, ಆ ಇಡೀ ನೀತಿಯನ್ನು ಮೇಲಿನಿಂದ ನಡೆಸಿದವರಿಗೆ ಕೇಳಲಿಲ್ಲ. "ಚೆನಿ ವೋಟಿಗೆ ಧನ್ಯವಾದ, ಆದರೆ ಬಂಧಿಗಳ ವಿಷಯದಲ್ಲಿ ಅವರು ಮಾಡಿದ್ದು ತಪ್ಪು ಅಂತ ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ" ಅಂದಿದ್ದರೆ ಸಾಕಿತ್ತು. ಬೆಂಬಲವೂ ಉಳಿಯುತ್ತಿತ್ತು, ಮಾತೂ ಉಳಿಯುತ್ತಿತ್ತು. ವೋಟು ತಗೊಳ್ಳಿ, ಆದರೆ ಅದರ ಜೊತೆ ಕ್ಲೀನ್ ಚಿಟ್ ಕೊಡಬೇಡಿ. ನನ್ನ ಅಭಿಪ್ರಾಯ ಇಷ್ಟೇ.

ಪ್ರಶ್ನೆ: ಅದೇ ವಾರ ಆಲ್ಬರ್ಟೊ ಗೊನ್ಸಾಲೆಸ್ ಅನ್ನುವವರೂ ಹ್ಯಾರಿಸ್‌ಗೆ ಬೆಂಬಲ ಘೋಷಿಸಿದ್ದರಂತೆ. ಚೆನಿ ಹೆಸರು ಗೊತ್ತು, ಇವರು ಯಾರು? ಬರೀ ವಕೀಲರು ಅನ್ನುತ್ತಾರೆ. ವಕೀಲ ಏನು ಮಾಡಿಯಾನು?

ಉತ್ತರ: ಈ ಕಥೆಯಲ್ಲಿ ವಕೀಲರದ್ದೇ ದೊಡ್ಡ ಪಾಲು. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಗೊನ್ಸಾಲೆಸ್ ಮೊದಲು ಜಾರ್ಜ್ ಡಬ್ಲ್ಯೂ. ಬುಷ್ ಅವರ ಶ್ವೇತಭವನದ ಕಾನೂನು ಸಲಹೆಗಾರರು, 2005ರಿಂದ 2007ರವರೆಗೆ ಅಟಾರ್ನಿ ಜನರಲ್, ಅಂದರೆ ನ್ಯಾಯ ಇಲಾಖೆಯ ಮುಖ್ಯಸ್ಥ. ಗ್ವಾಂಟನಾಮೊಗೆ ಮೊದಲ ಬಂಧಿಗಳು ಬಂದಿಳಿದದ್ದು 2002ರ ಜನವರಿ 11ಕ್ಕೆ. ಎರಡು ವಾರ ಕಳೆದು, ಜನವರಿ 25ರ ತಾರೀಕಿನಲ್ಲಿ, ಗೊನ್ಸಾಲೆಸ್ ಹೆಸರಿನಲ್ಲಿ ಅಧ್ಯಕ್ಷರಿಗೊಂದು ಮೆಮೊ ತಯಾರಾಯಿತು. ಭಯೋತ್ಪಾದನೆ ವಿರುದ್ಧದ ಯುದ್ಧ ಹೊಸ ಬಗೆಯದು, ಯುದ್ಧದಲ್ಲಿ ಸೆರೆಸಿಕ್ಕವರನ್ನು ಹೇಗೆ ನಡೆಸಿಕೊಳ್ಳಬೇಕು ಎನ್ನುವ ಜಿನೀವಾ ಒಪ್ಪಂದ ಬಂಧಿಗಳನ್ನು ಪ್ರಶ್ನಿಸಲು ಹಾಕಿರುವ ಕಟ್ಟುನಿಟ್ಟು ಈಗ ಹಳತಾಗಿದೆ ಅಂತ ಅದರಲ್ಲಿ ಇತ್ತು. ಒಪ್ಪಂದವನ್ನು ಅನ್ವಯಿಸದಿದ್ದರೆ ಆಗುವ ಲಾಭವೊಂದನ್ನೂ ಅದು ಹೇಳಿತ್ತು. ಅಮೆರಿಕದ ಯುದ್ಧಾಪರಾಧ ಕಾಯ್ದೆಯಡಿ ಮುಂದೆ ನಮ್ಮವರ ಮೇಲೆ ಕೇಸು ಬೀಳುವ ಸಾಧ್ಯತೆ ಕಡಿಮೆಯಾಗುತ್ತದೆ!

ಈ ಸಾಲನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಏನೂ ತಪ್ಪಾಗುವುದಿಲ್ಲ ಅಂತ ನಂಬಿದವರಿಗೆ ಕೇಸಿನ ಚಿಂತೆ ಯಾಕೆ ಬೇಕಿತ್ತು?

ಆ ಮೆಮೊ ಬಂದದ್ದೇ ಒಬ್ಬರು ಬೇಡ ಅಂದಿದ್ದಕ್ಕೆ. ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಸೈನ್ಯದಿಂದ ಬಂದವರು. ಜಿನೀವಾ ಒಪ್ಪಂದವನ್ನು ನಾವೇ ಬದಿಗಿಟ್ಟರೆ ನಾಳೆ ನಮ್ಮ ಸೈನಿಕರು ಸೆರೆಸಿಕ್ಕಾಗ ಏನು ಹೇಳುವುದು ಎಂಬುದು ಅವರ ವಾದ. ಬುಷ್ ಕೇಳಲಿಲ್ಲ. ಫೆಬ್ರವರಿ 7ಕ್ಕೆ ಸಹಿ ಬಿತ್ತು, ಅಲ್ ಕೈದಾ ಬಂಧಿಗಳಿಗೆ ಒಪ್ಪಂದದ ಕನಿಷ್ಠ ರಕ್ಷಣೆಯೂ ಇಲ್ಲ ಅಂತಾಯಿತು. ಅದು ತಪ್ಪು, ಆ ಕನಿಷ್ಠ ರಕ್ಷಣೆ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 2006 ಬಂದಿತ್ತು.

ನಡುವೆ 2002ರ ಆಗಸ್ಟ್ 1ರಂದು ನ್ಯಾಯ ಇಲಾಖೆಯಿಂದ ಇನ್ನೊಂದು ಮೆಮೊ ಬಂತು. ಅದು ಬರೆದದ್ದೇ ಗೊನ್ಸಾಲೆಸ್ ಅವರ ಹೆಸರಿಗೆ. ಅದರ ಪ್ರಕಾರ ದೇಹದ ನೋವನ್ನು ಚಿತ್ರಹಿಂಸೆ ಅನ್ನಬೇಕಾದರೆ ಅದು ಅಂಗಾಂಗ ವೈಫಲ್ಯದಷ್ಟು ಅಥವಾ ಸಾವಿನಷ್ಟು ತೀವ್ರವಾಗಿರಬೇಕು. ಅದಕ್ಕಿಂತ ಕಡಿಮೆ ನೋವು ಆ ಲೆಕ್ಕಕ್ಕೆ ಬರುವುದಿಲ್ಲ. ಮನುಷ್ಯನನ್ನು ಹಲಗೆಗೆ ಕಟ್ಟಿ, ಮುಖದ ಮೇಲೆ ಬಟ್ಟೆ ಹಾಕಿ, ನೀರು ಸುರಿದು ಉಸಿರು ಕಟ್ಟಿಸುವ ವಾಟರ್‌ಬೋರ್ಡಿಂಗ್‌ಗೆ ಅದೇ ದಿನದ ಮತ್ತೊಂದು ಮೆಮೊ ಒಪ್ಪಿಗೆ ಕೊಟ್ಟಿತು. 9/11 ದಾಳಿಯ ಮುಖ್ಯ ಆರೋಪಿ ಖಾಲಿದ್ ಶೇಖ್ ಮೊಹಮ್ಮದ್ ಮೇಲೆ ಇದನ್ನು 183 ಸಲ ಮಾಡಿದ್ದು ಸರ್ಕಾರಿ ದಾಖಲೆಯಲ್ಲೇ ಇದೆ. ಆ ವಿವರಣೆ ಪತ್ರಿಕೆಗಳಲ್ಲಿ ಬಯಲಾದ ಮೇಲೆ, 2004ರಲ್ಲಿ, ಇಲಾಖೆಯೇ ಅದನ್ನು ಹಿಂತೆಗೆದುಕೊಂಡಿತು. ಅಷ್ಟು ಹೊತ್ತಿಗೆ ಕೆಲಸ ನಡೆದುಹೋಗಿತ್ತು.

ಬರೀ ವಕೀಲ ಏನು ಮಾಡಿಯಾನು ಅಂದಿರಲ್ಲ, ಕಾಗದದ ಮೇಲೆ ಒಪ್ಪಿಗೆ ಸಿಗದಿದ್ದರೆ ಸಿಐಎ ಮುಂದುವರಿಯುತ್ತಿರಲಿಲ್ಲ. ಅವರು ಮೊದಲು ಕೇಳಿದ್ದೇ ಆ ಕಾಗದವನ್ನು.

2024ರ ಸೆಪ್ಟೆಂಬರ್‌ನ ಲೇಖನದಲ್ಲಿ ಗೊನ್ಸಾಲೆಸ್ ಬರೆದದ್ದು ಟ್ರಂಪ್ ಕಾನೂನಿನ ಆಡಳಿತಕ್ಕೆ ದೊಡ್ಡ ಅಪಾಯ ಅಂತ. ಮಾತು ನಿಜ ಇರಬಹುದು, ನಾನು ಒಪ್ಪುತ್ತೇನೆ ಕೂಡ. ಆದರೆ ಕಾನೂನಿನ ಹೆಸರಿನಲ್ಲಿ ಮಾತಾಡುವಾಗ ಆ ಮೆಮೊಗಳ ಲೆಕ್ಕವನ್ನೂ ಅವರು ಒಪ್ಪಿಸಬೇಕಲ್ಲವೇ?

ಪ್ರಶ್ನೆ: ಮನುಷ್ಯರು ಬದಲಾಗುತ್ತಾರೆ ಸರ್. ಇಪ್ಪತ್ತು ವರ್ಷ ಹಿಂದಿನದನ್ನೇ ಹಿಡಿದು ಕೂತರೆ ಹೇಗೆ?

ಉತ್ತರ: ಬದಲಾದರೆ ನಾನೇ ಮೊದಲು ಕೈಕುಲುಕುತ್ತೇನೆ. ಬದಲಾಗಿದ್ದು ಯಾವ ವಿಷಯದಲ್ಲಿ ಅಂತ ನೋಡಬೇಕು. ಚೆನಿ ಬದಲಾಗಿದ್ದು ಟ್ರಂಪ್ ವಿಷಯದಲ್ಲಿ. ಬಂಧಿಗಳ ವಿಷಯದಲ್ಲಿ ಒಂದಿಂಚೂ ಅಲ್ಲಾಡಲಿಲ್ಲ. ಸಿಐಎ ಬಂಧನ ಯೋಜನೆ ಬಗ್ಗೆ ಸೆನೆಟ್ ಸಮಿತಿಯ ವರದಿ 2014ರ ಡಿಸೆಂಬರ್‌ನಲ್ಲಿ ಹೊರಬಂತು. ಬಂಧಿತರಾದ 119 ಜನರಲ್ಲಿ ಕನಿಷ್ಠ 26 ಮಂದಿಯನ್ನು ಹಿಡಿದಿಡಲು ಸಿಐಎಯ ಸ್ವಂತ ಮಾನದಂಡದ ಪ್ರಕಾರವೂ ಕಾರಣ ಇರಲಿಲ್ಲ ಅಂತ ಅದು ಹೇಳಿತು. ಅದೇ ವಾರ ಟಿವಿ ಸಂದರ್ಶನದಲ್ಲಿ ಚೆನಿಗೆ ಈ ಅಮಾಯಕರ ಬಗ್ಗೆ ಕೇಳಿದರು. ಗುರಿ ಸಾಧಿಸಿದ್ದೇವೆ, ನನಗೇನೂ ತೊಂದರೆ ಇಲ್ಲ, ಮತ್ತೆ ಮಾಡೆಂದರೂ ಮಾಡುತ್ತೇನೆ ಎಂಬ ಅರ್ಥದ ಉತ್ತರ ಕೊಟ್ಟರು. 2025ರ ನವೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಆ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಆ 26ರಲ್ಲಿ ಒಬ್ಬರ ಕಥೆ ಹೇಳುತ್ತೇನೆ, ಯಾಕೆಂದರೆ ಅಂಕಿ ಹೇಳಿದರೆ ಯಾರಿಗೂ ನೋಯುವುದಿಲ್ಲ. ಖಾಲಿದ್ ಎಲ್ ಮಸ್ರಿ ಜರ್ಮನಿಯ ಪ್ರಜೆ. 2003ರ ಕೊನೆಯ ದಿನ ಬಸ್ಸಿನಲ್ಲಿ ಮ್ಯಾಸಿಡೋನಿಯಾಗೆ ಹೋಗುತ್ತಿದ್ದಾಗ ಗಡಿಯಲ್ಲಿ ಹಿಡಿದರು. ಶಂಕಿತನೊಬ್ಬನ ಹೆಸರು ಇವರ ಹೆಸರನ್ನು ಹೋಲುತ್ತಿತ್ತು. ಸ್ಕೋಪ್ಯೆ ನಗರದ ಹೋಟೆಲ್ ಕೋಣೆಯಲ್ಲಿ 23 ದಿನ ಕೂಡಿಹಾಕಿದರು. ಆಮೇಲೆ ವಿಮಾನ ನಿಲ್ದಾಣದಲ್ಲಿ ಸಿಐಎ ತಂಡಕ್ಕೆ ಒಪ್ಪಿಸಿದರು. ಹೊಡೆದು, ಬಟ್ಟೆ ಕಿತ್ತು, ಮುಖಕ್ಕೆ ಮುಸುಕು ಹಾಕಿ, ಸಂಕೋಲೆ ತೊಡಿಸಿ ಅಫ್ಘಾನಿಸ್ತಾನಕ್ಕೆ ಒಯ್ದರು. ನಾಲ್ಕು ತಿಂಗಳ ಮೇಲೆ, ಆಳು ತಪ್ಪಿದೆ ಅಂತ ಗೊತ್ತಾಗಿಯೂ ಇನ್ನಷ್ಟು ದಿನ ಇಟ್ಟುಕೊಂಡು, ಅಲ್ಬೇನಿಯಾದ ರಸ್ತೆ ಬದಿಯಲ್ಲಿ ಬಿಟ್ಟುಹೋದರು. ಅಮೆರಿಕದಲ್ಲಿ ಅವರು ಹಾಕಿದ ಕೇಸು ಸರ್ಕಾರಿ ಗುಟ್ಟು ಹೊರಬೀಳುತ್ತದೆ ಎಂಬ ಕಾರಣಕ್ಕೆ ವಜಾ ಆಯಿತು. 2012ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಮೇಲೆ ನಡೆದದ್ದು ಚಿತ್ರಹಿಂಸೆ ಎಂದು ಹೇಳಿ 60,000 ಯೂರೊ ಪರಿಹಾರ ಕೊಡಿಸಿತು. ಕೊಟ್ಟದ್ದು ಮ್ಯಾಸಿಡೋನಿಯಾ.

ಬದಲಾದವರು ಹೇಗಿರುತ್ತಾರೆ ಅಂತ ಕೇಳಿದರೆ ಅಮೆರಿಕದಲ್ಲೇ ಉದಾಹರಣೆ ಇದೆ. 1942ರಲ್ಲಿ ಜಪಾನಿ ಮೂಲದ ಸುಮಾರು 1,20,000 ಜನರನ್ನು ಪಶ್ಚಿಮ ಕರಾವಳಿಯಿಂದ ಎಬ್ಬಿಸಿ ಶಿಬಿರಗಳಿಗೆ ತಳ್ಳಿದರಲ್ಲ, ಆಗ ಅದಕ್ಕಾಗಿ ಜೋರಾಗಿ ಒತ್ತಾಯಿಸಿದವರಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಅರ್ಲ್ ವಾರನ್ ಒಬ್ಬರು. ಮುಂದೆ ಅವರೇ ದೇಶದ ಮುಖ್ಯ ನ್ಯಾಯಮೂರ್ತಿಯಾದರು. ನಾಗರಿಕ ಹಕ್ಕುಗಳ ದೊಡ್ಡ ತೀರ್ಪುಗಳು ಅವರ ಕಾಲದ್ದೇ. ಅಷ್ಟು ಒಳ್ಳೆ ಹೆಸರಿದ್ದರೂ ಆತ್ಮಕಥೆಯಲ್ಲಿ ಆ ಶಿಬಿರಗಳ ಬಗ್ಗೆ ತಮಗೆ ತೀವ್ರ ಪಶ್ಚಾತ್ತಾಪ ಇದೆ ಅಂತ ಬರೆದರು. ತುಂಬ ತಡವಾಯಿತು, ನಿಜ. ಆದರೆ ಪಶ್ಚಾತ್ತಾಪಪಟ್ಟದ್ದು ತಾನು ಮಾಡಿದ ಕೆಲಸಕ್ಕೇ. 1988ರಲ್ಲಿ ಸರ್ಕಾರವೂ ಕ್ಷಮೆ ಕೇಳಿ ಬದುಕಿದ್ದ ಒಬ್ಬೊಬ್ಬರಿಗೂ 20,000 ಡಾಲರ್ ಕೊಟ್ಟಿತು. ಇಂಥ ಒಂದು ಸಾಲನ್ನು ಚೆನಿ ಬರೆದಿದ್ದರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಪ್ರಶ್ನೆ: ನೀವು ಹೀಗೆ ಬರೆದರೆ ಟ್ರಂಪ್‌ಗೇ ಲಾಭ ಅಲ್ವಾ? ಅವರು ಇನ್ನೂ ಕೆಟ್ಟದ್ದನ್ನು ಹೇಳಿದವರು.

ಉತ್ತರ: ಹೇಳಿದ್ದಾರೆ, ಮಾಡಿದ್ದಾರೆ ಕೂಡ. ವಾಟರ್‌ಬೋರ್ಡಿಂಗ್ ಮತ್ತೆ ತರುತ್ತೇನೆ, ಅದಕ್ಕಿಂತ ಎಷ್ಟೋ ಘೋರವಾದದ್ದನ್ನೂ ತರುತ್ತೇನೆ ಅಂತ 2016ರ ಚರ್ಚೆಯಲ್ಲಿ ಹೇಳಿದರು. ಗ್ವಾಂಟನಾಮೊ ಮುಚ್ಚುವ ಒಬಾಮಾ ಆದೇಶವನ್ನು 2018ರಲ್ಲಿ ರದ್ದು ಮಾಡಿದರು. 2025ರ ಜನವರಿಯಲ್ಲಿ ಅಲ್ಲಿ ವಲಸಿಗರನ್ನು ಹಿಡಿದಿಡಲು ಜಾಗ ಹೆಚ್ಚಿಸಿ ಅಂದರು, 30,000 ಮಂದಿಗೆ! ಈ ವಿಷಯವೊಂದನ್ನೇ ನೋಡಿ ವೋಟು ಹಾಕುವವರಿಗೆ 2024ರಲ್ಲಿ ಗೊಂದಲ ಇರಬೇಕಾಗಿರಲಿಲ್ಲ.

ಅದಕ್ಕೇ ಹ್ಯಾರಿಸ್ ಸುಮ್ಮನಿದ್ದದ್ದು ನನಗೆ ಜಾಸ್ತಿ ನೋವು ಕೊಟ್ಟಿತು. ಅವರು ಚೆನಿಯ ಮಗಳು ಲಿಜ್ ಚೆನಿ ಜೊತೆ ವಿಸ್ಕಾನ್ಸಿನ್‌ನ ರಿಪನ್‌ನಲ್ಲಿ, ಅಂದರೆ ರಿಪಬ್ಲಿಕನ್ ಪಕ್ಷ ಹುಟ್ಟಿದ ಊರಿನಲ್ಲೇ, ವೇದಿಕೆ ಹಂಚಿಕೊಂಡರು. ಟ್ರಂಪ್ ಲಿಜ್ ಅವರನ್ನು ಯುದ್ಧಕೋರಿ ಅಂತ ಕರೆದು, ತಾನು ಯುದ್ಧ ಬೇಡದವನು ಅಂತ ತೋರಿಸಿಕೊಂಡರು. ಚಿತ್ರಹಿಂಸೆಯನ್ನು ಹೊಗಳಿದ ಮನುಷ್ಯನಿಗೆ ಶಾಂತಿಯ ವೇಷ ಹಾಕಲು ಜಾಗ ಬಿಟ್ಟುಕೊಟ್ಟಂತಾಯಿತು. ಹ್ಯಾರಿಸ್ ತಮ್ಮ 2018ರ ಪ್ರಶ್ನೆಯನ್ನೇ ಜನರ ಮುಂದೆ ಮತ್ತೆ ಇಟ್ಟಿದ್ದರೆ ಆ ವೇಷ ಅಷ್ಟು ಸಲೀಸಾಗಿ ಕೂರುತ್ತಿರಲಿಲ್ಲ.

ಪ್ರಶ್ನೆ: ಇಂಥ ಬೆಂಬಲದಿಂದ ವೋಟು ಬರುತ್ತದಾ?

ಉತ್ತರ: ಪೈಪೋಟಿ ಇದ್ದ ಏಳೂ ರಾಜ್ಯಗಳಲ್ಲಿ ಹ್ಯಾರಿಸ್ ಸೋತರು, ವಿಸ್ಕಾನ್ಸಿನ್ ಸೇರಿ. ಅದಕ್ಕೆ ಚೆನಿಯೇ ಕಾರಣ ಅನ್ನುವುದು ಸರಿಯಲ್ಲ, ಕಾರಣಗಳು ಹತ್ತಾರು.

ಪ್ರಶ್ನೆ: ಕೊನೆಗೆ ಯಾರಿಗಾದರೂ ಶಿಕ್ಷೆ ಆಯಿತಾ? ಈಗಲೂ ಅಲ್ಲಿ ಬಂಧಿಗಳಿದ್ದಾರಾ?

ಉತ್ತರ: ಮೆಮೊ ಬರೆದವರಲ್ಲಿ ಯಾರಿಗೂ ಇಲ್ಲ. ಆಗಸ್ಟ್ ಮೆಮೊಗೆ ಸಹಿ ಹಾಕಿದ ಜೇ ಬೈಬೀ 2003ರಲ್ಲಿ ಫೆಡರಲ್ ನ್ಯಾಯಾಧೀಶರಾದರು. ಅದನ್ನು ಬರೆದ ಜಾನ್ ಯೂ ಬರ್ಕ್ಲಿಯಲ್ಲಿ ಕಾನೂನು ಪಾಠ ಮಾಡುತ್ತಾರೆ. ಇರಾಕಿನ ಅಬು ಗ್ರೈಬ್ ಜೈಲಿನ ಫೋಟೋಗಳು 2004ರಲ್ಲಿ ಹೊರಬಂದಾಗ ಜೈಲಿಗೆ ಹೋದವರು ಕೆಳಹಂತದ ಸೈನಿಕರು. ಅಲ್ಲಿ ನರಳಿದ ಮೂವರು ಇರಾಕಿಗಳಿಗೆ ಖಾಸಗಿ ಗುತ್ತಿಗೆ ಕಂಪನಿಯೊಂದು 4.2 ಕೋಟಿ ಡಾಲರ್ ಕೊಡಬೇಕು ಅಂತ ಜ್ಯೂರಿ ಹೇಳಿದ್ದು 2024ರ ನವೆಂಬರ್ 12ಕ್ಕೆ, ಚುನಾವಣೆ ಮುಗಿದು ಒಂದು ವಾರಕ್ಕೆ. ಇಪ್ಪತ್ತು ವರ್ಷ ಕಾದರು ಅವರು.

ಗ್ವಾಂಟನಾಮೊದಲ್ಲಿ ಒಟ್ಟು ಸುಮಾರು 780 ಮಂದಿಯನ್ನು ಇಟ್ಟಿದ್ದರು. 2025ರ ಜನವರಿಯಲ್ಲಿ 11 ಯೆಮನಿಗಳನ್ನು ಒಮಾನ್‌ಗೆ ಕಳಿಸಿದ ಮೇಲೆ 15 ಮಂದಿ ಉಳಿದರು. ಅವರಲ್ಲಿ 9/11ರ ಮುಖ್ಯ ಆರೋಪಿ ಖಾಲಿದ್ ಶೇಖ್ ಮೊಹಮ್ಮದ್ ಕೂಡ ಇದ್ದಾರೆ. ಇಷ್ಟು ವರ್ಷವಾದರೂ ಅವರ ವಿಚಾರಣೆ ನಡೆದಿಲ್ಲ, ಯಾಕೆಂದರೆ ಹಿಂಸೆ ಕೊಟ್ಟು ಪಡೆದ ಹೇಳಿಕೆಗಳನ್ನು ಏನು ಮಾಡುವುದು ಎಂಬ ಜಗಳವೇ ಕೋರ್ಟಿನಲ್ಲಿ ಮುಗಿಯುತ್ತಿಲ್ಲ. ಆ ದಾಳಿಯಲ್ಲಿ ಸತ್ತ ಸುಮಾರು 3,000 ಜನರ ಮನೆಯವರಿಗೂ ಆ ಮೆಮೊಗಳಿಂದ ಅನ್ಯಾಯವೇ ಆಯಿತು. ತಪ್ಪೊಪ್ಪಿಕೊಂಡರೆ ಗಲ್ಲಿಲ್ಲ ಎಂಬ ಒಪ್ಪಂದಕ್ಕೆ 2024ರ ಜುಲೈ 31ರಂದು ದಾರಿಯಾಗಿತ್ತು. ಎರಡೇ ದಿನಕ್ಕೆ ಬೈಡನ್-ಹ್ಯಾರಿಸ್ ಸರ್ಕಾರದ ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ ಅದನ್ನು ಹಿಂತೆಗೆದುಕೊಂಡರು. 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯವೂ ಒಪ್ಪಂದ ಆಗದು ಅಂದಿತು.

ಆಸ್ಟಿನ್ ಅದನ್ನು ರದ್ದು ಮಾಡಿ ಐದು ವಾರಕ್ಕೆ ಚೆನಿ ಹೇಳಿಕೆ ಬಂತು. ಈ ಕೇಸು ಯಾಕೆ ಹೀಗೆ ಸಿಕ್ಕಿಹಾಕಿಕೊಂಡಿದೆ, ನೀವು ಗೆದ್ದರೆ ಏನು ಮಾಡುತ್ತೀರಿ ಅಂತ ಹ್ಯಾರಿಸ್‌ಗೆ ಕೇಳಲು ಅದಕ್ಕಿಂತ ಒಳ್ಳೆಯ ದಿನ ಪತ್ರಕರ್ತರಿಗೆ ಸಿಗುತ್ತಿರಲಿಲ್ಲ.