‘ನೋಡ್ತೀನಿ ಅಕ್ಕ’ ಅಂದ ಹುಡುಗ

ಅವರನ್ನು ಶಾರದಾ ಎಂದು ಕರೆಯೋಣ. ಹೆಸರಿನ ಜೊತೆ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 42. ಬೆಂಗಳೂರಿನ ಸಣ್ಣದೊಂದು ಟ್ರಸ್ಟಿನಲ್ಲಿ, ಕಣ್ಣು ಕಾಣದ ಕಾಲೇಜು ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವ ಸ್ಕ್ರೈಬ್‌ಗಳನ್ನು ಹೊಂದಿಸುವುದು ಅವರ ಕೆಲಸ. ಆಪ್ತ ಸಲಹೆಗಾರ್ತಿಯಾದ ನನ್ನ ಬಳಿ ತಂದ ದೂರು ಬೇರೆ: ಫೋನ್ ರಿಂಗಾದರೆ ಎದೆ ಡವಡವ, ರಾತ್ರಿ ಮೂರಕ್ಕೆ ಎಚ್ಚರ, ಊಟ ಸೇರದು. ಮೊದಲು ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿಕೊಂಡು ಬನ್ನಿ ಎಂದೆ. ಎದೆಬಡಿತವೆಲ್ಲ ಮನಸ್ಸಿನದೇ ಎಂದುಕೊಂಡು ಶುರು ಮಾಡುವ ಸಲಹೆಗಾರರನ್ನು ಕಂಡರೆ ನನಗೇ ಭಯ. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇತ್ತು, ಮಾತ್ರೆ ಕೊಟ್ಟರು. ಎದೆಬಡಿತ ಹಾಗೇ ಇತ್ತು.

ಎರಡನೇ ಭೇಟಿಯಲ್ಲಿ ವಿಷಯ ಹೊರಬಿತ್ತು. ಬಿ.ಎ. ಓದುವ ಒಬ್ಬ ಹುಡುಗಿಗೆ ಐಚ್ಛಿಕ ಕನ್ನಡ ಪರೀಕ್ಷೆ. ಬರೆಯಬೇಕಿದ್ದ ಪಿಯು ಹುಡುಗ ಬರಲಿಲ್ಲ, ಫೋನ್ ಸ್ವಿಚ್ ಆಫ್. ಶಾರದಾ ಆಟೋ ಹಿಡಿದು ಓಡಿದರು. ಆದರೆ ತಾವೇ ಕೂತು ಬರೆಯುವಂತಿಲ್ಲ. ಆ ಕಾಲೇಜು ಹಿಡಿದಿದ್ದ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪ್ರಕಾರ, ಅಭ್ಯರ್ಥಿಯೇ ಸ್ಕ್ರೈಬ್ ಕರೆತಂದರೆ ಅವರ ಓದು ಅಭ್ಯರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕಿತ್ತು. ಇವರದು ಎಂ.ಎ. ಹುಡುಗಿ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು, ಒಳಗೆ ಬೆಲ್ ಹೊಡೆದದ್ದನ್ನು ಕೇಳಿಸಿಕೊಂಡು, ಮನೆಗೆ ಹೋದಳು. ಮಧ್ಯಾಹ್ನ ಶಾರದಾ ಸ್ವಯಂಸೇವಕರ ವಾಟ್ಸಾಪ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದರು, ಹುಡುಗನ ಹೆಸರು ಹಿಡಿದು: ‘ನಿನ್ನ ಸ್ವಂತ ಅಕ್ಕ ಆಗಿದ್ರೆ ಹೀಗೆ ಮಾಡ್ತಿದ್ಯೇನೋ?’ ಸಂಜೆಯೊಳಗೆ 19 ಜನ ಗ್ರೂಪ್ ಬಿಟ್ಟರು.

ನಾನು ಕೊಟ್ಟ ಮೊದಲ ಸಲಹೆ, ರಾತ್ರಿ ಒಂಬತ್ತರ ಮೇಲೆ ಫೋನ್ ಆಫ್ ಮಾಡಿ ಎಂಬುದು. ಪುಸ್ತಕದ ಬದನೆಕಾಯಿ. ಮುಂದಿನ ವಾರ ಬಂದು ಹೇಳಿದರು, ‘ಫೋನ್ ಆಫ್ ಮಾಡ್ದೆ ಮೇಡಂ, ಕಿವಿ ಆಫ್ ಆಗ್ಲಿಲ್ಲ.’

ಆಮೇಲೆ ಆ ಪರೀಕ್ಷೆಯ ಹಿಂದಿನ ದಿನಗಳ ಸಂದೇಶಗಳನ್ನು ಅವರಿಂದಲೇ ಓದಿಸಿದೆ. ಮೊದಲು ಗ್ರೂಪಿಗೆ: ‘ಗುರುವಾರ ಬೆಳಗ್ಗೆ ಯಾರಾದ್ರೂ ಬರ್ತೀರಾ? ತುಂಬಾ ಅರ್ಜೆಂಟ್, ಒಂದು ಮಗುವಿನ ಭವಿಷ್ಯ.’ ಇನ್ನೂರು ಜನರಿದ್ದ ಗ್ರೂಪು. ಬೇರೆ ಯಾರೋ ಹೋಗ್ತಾರೆ ಬಿಡು ಎಂದು ಇನ್ನೂರೂ ಜನ ಸುಮ್ಮನಾದರು. ರಾತ್ರಿ ಹನ್ನೊಂದಕ್ಕೆ ಆ ಹುಡುಗನಿಗೆ ಖಾಸಗಿಯಾಗಿ. ಅವನ ಉತ್ತರ: ‘ನೋಡ್ತೀನಿ ಅಕ್ಕ. ಪ್ರಾಕ್ಟಿಕಲ್ಸ್ ಇರಬಹುದು. ಟ್ರೈ ಮಾಡ್ತೀನಿ.’ ಇವರು: ‘ಥ್ಯಾಂಕ್ಸ್ ಪುಟ್ಟ, ನೀನೇ ಗತಿ.’ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಹಸಿರು ಗುರುತು.

‘ಮದುವೆಗೆ ಕರೆದಾಗ ನೋಡ್ತೀನಿ ಅಂದವರಿಗೆ ನೀವು ಎಲೆ ಹಾಕಿಸ್ತೀರಾ?’ ಎಂದು ಕೇಳಿದೆ. ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಆಗಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವುದು ನಮ್ಮಲ್ಲಿ ಒರಟುತನ. ಅದರಲ್ಲೂ ಹದಿನೇಳರ ಹುಡುಗ, ಅಮ್ಮನ ವಯಸ್ಸಿನ ‘ಅಕ್ಕ’ನಿಗೆ, ಒಳ್ಳೆಯ ಕೆಲಸಕ್ಕೆ ಕರೆದಾಗ ಹೇಗೆ ಹೇಳಿಯಾನು? ಅವನಿಗೆ ಗೊತ್ತಿದ್ದ ಮರ್ಯಾದೆಯ ಭಾಷೆಯಲ್ಲಿ ಅವನು ಇಲ್ಲ ಎಂದೇ ಹೇಳಿದ್ದ. ಕೇಳಿಸಿಕೊಳ್ಳಲು ಇವರಿಗೆ ಯಾಕೆ ಆಗಲಿಲ್ಲ ಎಂಬುದು ನನ್ನ ಪ್ರಶ್ನೆ.

‘ನೀವು ಯಾರಿಗಾದರೂ ಆಗಲ್ಲ ಅಂದದ್ದು ನೆನಪಿದೆಯಾ?’

ಬಹಳ ಹೊತ್ತಾದ ಮೇಲೆ ಬಂತು ಉತ್ತರ. ಎರಡು ವರ್ಷಕ್ಕೆ ಚಿಕ್ಕವನಾದ ತಮ್ಮ, ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಅವನ ಪಾಠವನ್ನೆಲ್ಲ ಓದಿ ಹೇಳುತ್ತಿದ್ದವರು ಇವರೇ. ತಮ್ಮದೇ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ದಿನ ಮಾತ್ರ ‘ಇವತ್ತು ಆಗಲ್ಲ ಹೋಗೋ’ ಎಂದು ರೇಗಿದ್ದರು. ಅವನು ಆ ವರ್ಷ ಸಮಾಜ ವಿಜ್ಞಾನದಲ್ಲಿ ಫೇಲಾದ. ಮನೆಯಲ್ಲಿ ಯಾರೂ ಇವರನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ.

‘ನಿಮ್ಮ ಸಾಲಕ್ಕೆ ಈ ಹುಡುಗರನ್ನೆಲ್ಲ ಜಾಮೀನು ಹಾಕಿಬಿಟ್ಟಿದ್ದೀರಲ್ಲ’ ಎಂದೆ. ಸ್ವಲ್ಪ ಖಾರವಾಯಿತು, ಆ ದಿನ ಬೇಗ ಎದ್ದು ಹೋದರು. ಆದರೆ ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸದಲ್ಲಿರುವ ತಮ್ಮನಿಗೆ ಅದೇ ರಾತ್ರಿ ಫೋನ್ ಮಾಡಿದರಂತೆ. ಅವನು, ‘ಅಯ್ಯೋ, ಅವತ್ತು ರೇಡಿಯೋದಲ್ಲಿ ಮ್ಯಾಚ್ ಇತ್ತಕ್ಕ. ನೀನು ಬರಲ್ಲ ಅಂದಿದ್ದು ನಂಗೆ ಹಬ್ಬ ಆಗಿತ್ತು’ ಎಂದನಂತೆ. ಇದನ್ನು ಹೇಳುವಾಗ ಶಾರದಾ ಅವರಿಗೆ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚಿತ್ತು. ಸಹಜ.

ಆಮೇಲಿನ ಮೂರು ಭೇಟಿಗಳಲ್ಲಿ ಮಾತಾಡಿದ್ದು ಹೆಚ್ಚಾಗಿ ಕೆಲಸದ ಬಗ್ಗೆಯೇ. ಗ್ರೂಪಿಗೆ ಸಾರ್ವಜನಿಕ ಮೊರೆ ಇಡುವುದನ್ನು ನಿಲ್ಲಿಸಿ, ಒಬ್ಬೊಬ್ಬರಿಗೇ ಹಗಲು ಹೊತ್ತಿನಲ್ಲಿ ಫೋನ್ ಮಾಡಿ. ದಿನಾಂಕ, ಕಾಲೇಜು, ವಿಷಯ, ಹೊತ್ತು ಹೇಳಿ ಎಂದೆ. ಹೊತ್ತು ಎಂದಾಗ ಒಂದು ಸಂಗತಿ ಬಯಲಾಯಿತು. ಸ್ಕ್ರೈಬ್ ಪಡೆದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು, ಅಂದರೆ ಮೂರು ಗಂಟೆಯ ಪೇಪರ್ ನಾಲ್ಕು ಗಂಟೆಯಾಗುತ್ತದೆ. ಮೇಲೆ ಬಸ್ಸಿನ ಹೊತ್ತು ಬೇರೆ. ಶಾರದಾ ಎಲ್ಲರಿಗೂ ‘ಮೂರೇ ಗಂಟೆ’ ಎನ್ನುತ್ತಿದ್ದರು, ನಾಲ್ಕು ಅಂದರೆ ಬರುವುದಿಲ್ಲವೆಂಬ ಹೆದರಿಕೆಗೆ. ಒಮ್ಮೆ ಬಂದವರು ಎರಡನೇ ಸಲ ಯಾಕೆ ಬರುತ್ತಿರಲಿಲ್ಲ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಇತ್ತು.

ಕೊನೆಗೆ ಹೇಳಬೇಕಾದ ಒಂದು ವಾಕ್ಯವನ್ನು ನನ್ನೆದುರೇ ಅಭ್ಯಾಸ ಮಾಡಿಸಿದೆ: ‘ಆಗಲ್ಲ ಅಂದ್ರೆ ಈಗಲೇ ಹೇಳಪ್ಪ, ನಂಗೆ ಒಂಚೂರೂ ಬೇಜಾರಿಲ್ಲ.’ ನಾನು ಸ್ವಯಂಸೇವಕಿಯ ಪಾತ್ರ. ಮೊದಲ ಮೂರು ಸಲವೂ ‘ಬೇಜಾರಿಲ್ಲ’ ಎನ್ನುವಾಗ ಅವರ ದನಿಯಲ್ಲಿ ಬೆಟ್ಟದಷ್ಟು ಬೇಜಾರಿತ್ತು. ನಾಲ್ಕನೇ ಸಲಕ್ಕೆ ಪರವಾಗಿಲ್ಲ ಅನ್ನಿಸಿತು.

ಒಂದು ಪರೀಕ್ಷೆಗೆ ಎರಡು ಹೆಸರು ಇರಲಿ, ಕಾಲೇಜಿಗೆ ಮೊದಲೇ ಕೊಡುವ ಪತ್ರದಲ್ಲಿ ಎರಡನ್ನೂ ಬರೆಯಿರಿ ಎಂದೆ. ತುರ್ತಿದ್ದರೆ ಸ್ಕ್ರೈಬ್ ಬದಲಿಸಲು, ಬೇರೆ ಬೇರೆ ಪೇಪರಿಗೆ, ಅದರಲ್ಲೂ ಭಾಷೆಗಳಿಗೆ, ಬೇರೆ ಬೇರೆಯವರನ್ನು ತರಲು ಅದೇ ಮಾರ್ಗಸೂಚಿಯಲ್ಲಿ ಅವಕಾಶವಿತ್ತು. ಇದು ಅವರಿಗೂ ಗೊತ್ತಿತ್ತು. ಆದರೆ ಇಬ್ಬರನ್ನು ಕೇಳುವುದೆಂದರೆ ಮೊದಲನೆಯವರನ್ನು ನಂಬದ ಹಾಗೆ ಎಂದುಕೊಂಡಿದ್ದರು.

ತರಬೇತಿಯ ವಿಚಾರದಲ್ಲಿ ನಾನು ಕಲಿತದ್ದೇ ಹೆಚ್ಚು. ಅಲ್ಲಿಯವರೆಗೆ ತರಬೇತಿ ಎಂದರೆ ಒಂದು ಪಿಡಿಎಫ್ ಕಳಿಸುವುದಾಗಿತ್ತು. ಕಣ್ಣು ಕಾಣದ ವಿದ್ಯಾರ್ಥಿಗಳಿಂದಲೇ ಪಾಠ ಹೇಳಿಸೋಣ ಎಂಬ ಯೋಚನೆ ಅವರದೇ. ಭಾನುವಾರ ಬೆಳಗ್ಗೆ, ಉಪ್ಪಿಟ್ಟು ಕಾಫಿ ಸಹಿತ. ವಿದ್ಯಾರ್ಥಿಗಳು ಕಲಿಸಿದ್ದು ಇಂಥವು: ಪ್ರಶ್ನೆ ಓದುವ ಮೊದಲು ಅದಕ್ಕೆಷ್ಟು ಅಂಕ ಎಂದು ಹೇಳಿ. ಬರೆಯುವಾಗ ‘ಹ್ಞೂಂ’ ಅನ್ನಬೇಡಿ, ಬರೆದ ಕೊನೆಯ ಪದ ಹೇಳಿ, ಎಲ್ಲಿದ್ದೀರಿ ಎಂದು ನಮಗೆ ತಿಳಿಯುತ್ತದೆ. ಉತ್ತರ ತಪ್ಪು ಅನ್ನಿಸಿದರೂ ದನಿ ಬದಲಾಗಬಾರದು, ನಾವು ದನಿಯನ್ನೇ ನೋಡುವವರು. ಜೊತೆಗೆ ಒಂದು ಪುಟ ಕನ್ನಡ ಉಕ್ತಲೇಖನ. ಇಂಗ್ಲಿಷ್ ಮೀಡಿಯಮ್ಮಿನ ಮಕ್ಕಳು ಕನ್ನಡ ಅರಳು ಹುರಿದಂತೆ ಮಾತಾಡುತ್ತಾರೆ. ‘ಸ್ವಾತಂತ್ರ್ಯ’ ಬಂದ ಕೂಡಲೇ ಪೆನ್ನು ನಿಂತುಬಿಡುತ್ತದೆ. ಅಂಥವರಿಗೆ ಪಠ್ಯ ಓದಿ ರೆಕಾರ್ಡ್ ಮಾಡುವ ಕೆಲಸ ಕೊಟ್ಟರು. ಇಬ್ಬರು ಮುಖ ಸಣ್ಣ ಮಾಡಿಕೊಂಡು ಹೋದರು, ಹೋಗಲಿ.

ಕಷ್ಟವಾದದ್ದು ಪಟ್ಟಿಯನ್ನು ಕೈಬಿಡುವುದು. ಹಳೆಯ ಸ್ವಯಂಸೇವಕರಿಬ್ಬರಿಗೆ ಅರ್ಧರ್ಧ ಊರು ಹಂಚಿ, ಫೋನ್ ಮಾಡುವ ಕೆಲಸ ಅವರದೇ ಎಂದು ಒಪ್ಪಿಸಲು ಎರಡು ಭೇಟಿ ಹಿಡಿಯಿತು. ಮೊದಲ ವಾರವೇ ಒಬ್ಬ, ಮಲ್ಲೇಶ್ವರಕ್ಕೆ ಹೋಗಬೇಕಿದ್ದವಳನ್ನು ರಾಜಾಜಿನಗರಕ್ಕೆ ಕಳಿಸಿದ. ಹದಿನೈದು ನಿಮಿಷ ತಡವಾಗಿ ಪರೀಕ್ಷೆ ನಡೆಯಿತು. ಪಟ್ಟಿ ವಾಪಸ್ ಕಿತ್ತುಕೊಳ್ಳಬೇಕು ಅನ್ನಿಸಿತಾ ಎಂದೆ. ‘ಕೈ ಫೋನಿಗೆ ಹೋಗಿತ್ತು ಮೇಡಂ. ಎದ್ದು ಪಾತ್ರೆ ತೊಳೆದೆ.’

ಆ ಪಿಯು ಹುಡುಗನಲ್ಲಿ ಕ್ಷಮೆ ಕೇಳಿ ಎಂದೂ ಹೇಳಿದ್ದೆ. ಅವಮಾನ ಗ್ರೂಪಿನಲ್ಲಿ ಆದದ್ದರಿಂದ ಕ್ಷಮೆಯೂ ಅಲ್ಲೇ ಇರಬೇಕು, ಫೋನಿನಲ್ಲಿ ಪ್ರತ್ಯೇಕವಾಗಿಯೂ ಎಂದು. ಇದಕ್ಕೆ ಅವರು ಒಂದು ತಿಂಗಳು ತಡೆದರು. ಅವನು ‘ಪರವಾಗಿಲ್ಲ ಅಕ್ಕ’ ಎಂದ. ಮತ್ತೆ ಬರಲಿಲ್ಲ.

ಹುಡುಗಿ ಮುಂದಿನ ಅವಕಾಶದಲ್ಲಿ ಆ ಪೇಪರನ್ನು ಮತ್ತೆ ಬರೆದಳು. ಹಿಂದಿನ ರಾತ್ರಿ ಶಾರದಾ ನಿದ್ದೆ ಮಾಡಿರಲಿಲ್ಲವಂತೆ, ಆಮೇಲೆ ತಿಳಿಯಿತು. ಬೆಳಗ್ಗೆ ಒಂಬತ್ತೂವರೆಗೆ ನನಗೊಂದು ಮೆಸೇಜ್: ‘ಇಬ್ರೂ ಬಂದಿದಾರೆ ಮೇಡಂ. ಒಬ್ಬಳಿಗೆ ಕಾಫಿ ಕುಡಿಸಿ ವಾಪಸ್ ಕಳಿಸ್ತೀನಿ.’