ಆಲೆಮನೆಯ ಬಿಸಿ, ತರಕಾರಿಗೆ ತಂಪು

ಪ್ರಶ್ನೆ: ಮೇಷ್ಟ್ರೇ, ಮಂಡ್ಯದ ಹತ್ತಿರ ನಮ್ಮಪ್ಪ ಆಲೆಮನೆ ನಡೆಸುತ್ತಾರೆ. ನಾನು ಮೆಕ್ಯಾನಿಕಲ್ ಕೊನೇ ವರ್ಷ. ಒಲೆಯ ಚಿಮಣಿಯಲ್ಲಿ ಹೋಗುವ ಬಿಸಿಯಿಂದ ನೀರು ಕಾಯಿಸಿ, ಸಿಲಿಕಾ ಜೆಲ್ ಯಂತ್ರ ನಡೆಸಿ, ತರಕಾರಿ ಕೋಣೆ ತಂಪು ಮಾಡುವ ಬಗ್ಗೆ ಕಂಪ್ಯೂಟರ್ ಮಾಡೆಲ್ ಬರೆದಿದ್ದೇನೆ. ಎರಡು ಪೆಟ್ಟಿಗೆ, ತಲಾ 20 ಕೆಜಿ ಜೆಲ್, ಬಿಸಿನೀರು 80 ಡಿಗ್ರಿ, ತಣ್ಣೀರು 30. ಸಿಒಪಿ (ಕೊಟ್ಟ ಬಿಸಿಗೆ ಎಷ್ಟು ತಂಪು ಸಿಕ್ಕಿತು ಎಂಬ ಅನುಪಾತ) 0.75 ಬರುತ್ತಿದೆ, ಪುಸ್ತಕಗಳಲ್ಲಿ 0.4ರಿಂದ 0.6 ಅಂತಿದೆ. ಲೆಕ್ಕ ಜೊತೆಗಿಟ್ಟಿದ್ದೇನೆ. ತಪ್ಪೆಲ್ಲಿ?
– ಓದುಗಿ, ಮಂಡ್ಯ

ಉತ್ತರ: ಈ ಯಂತ್ರದಲ್ಲಿ ಒಂದು ಪೆಟ್ಟಿಗೆಯ ಜೆಲ್ ನೀರಾವಿ ಹೀರುತ್ತೆ, ಹಾಗೆ ನೀರು ಆವಿಯಾಗುವಾಗ ತಂಪು ಹುಟ್ಟುತ್ತೆ; ಅಷ್ಟರಲ್ಲಿ ಬಿಸಿನೀರು ಇನ್ನೊಂದು ಪೆಟ್ಟಿಗೆಯ ಜೆಲ್ ಒಣಗಿಸುತ್ತೆ, ಆಮೇಲೆ ಅದಲುಬದಲು. ನೋಡಮ್ಮ, ನಿನ್ನ ಲೆಕ್ಕದಲ್ಲಿ ಪೆಟ್ಟಿಗೆಯೇ ಇಲ್ಲ. 100 ಗ್ರಾಂ ಜೆಲ್‌ಗೆ 8 ಗ್ರಾಂ ನೀರು ಎಂದು ಹಿಡಿದಿದ್ದೀಯ. ಪ್ರತಿ ಸುತ್ತಿನಲ್ಲಿ 1.6 ಕೆಜಿ ಆವಿ, ಸುಮಾರು 3,840 ಕಿಲೋಜೌಲ್ ತಂಪು. ಆ ನೀರನ್ನು ಬಿಡಿಸಲು 4,160, ಜೆಲ್ ಕಾಯಿಸಲು 920. ಭಾಗಿಸಿದರೆ 0.75 ಬಂದೇ ಬರುತ್ತೆ. ಈಗ ತಾಮ್ರದ ಕೊಳವೆ, ಅಲ್ಯೂಮಿನಿಯಂ ರೆಕ್ಕೆ ಎಲ್ಲ ಸೇರಿ 40 ಕೆಜಿ ಲೋಹ, ಕೊಳವೆಯೊಳಗೆ 6 ಲೀಟರ್ ನೀರು ಇದೆ ಅಂದುಕೊ. ಅವೂ ಪ್ರತಿ ಸಲ 30ರಿಂದ 80ಕ್ಕೆ ಏರಬೇಕು. ಇನ್ನೂ 2,260 ಸೇರಿತು. ಸಿಒಪಿ 0.52ಕ್ಕೆ ಇಳಿಯಿತು.

ನಿಮ್ಮ ಆಲೆಮನೆಯಲ್ಲಿ ಬೆಳಗಿನ ಮೊದಲ ಕೊಪ್ಪರಿಗೆ ಕುದಿಯಲು ತಡ, ಒಲೆ ಕಾದಮೇಲೆ ಎರಡನೆಯದು ಬೇಗ. ಈ ಯಂತ್ರಕ್ಕೆ ಆ ಅನುಕೂಲವಿಲ್ಲ. ಪ್ರತಿ ಪಾಕ ಇಳಿಸಿದಮೇಲೂ ಒಲೆಗೆ ನೀರು ಹೊಯ್ದು, ಮತ್ತೆ ಹಚ್ಚಿದ ಹಾಗೆ. ಹಾಗೇಕೆ ಆರಿಸಬೇಕು ಅಂತೀಯಾ? ಚೆನ್ನಾಗಿ ಒಣಗಿಸಿದ ಜೆಲ್ ಒಂದು ಹಿಡಿ ಅಂಗೈಯಲ್ಲಿಟ್ಟು ನಾಲ್ಕು ಹನಿ ನೀರು ಬಿಡು. ಚಟಚಟ ಸದ್ದಾಗಿ ಕೈ ಬೆಚ್ಚಗಾಗುತ್ತೆ. ಮೈಸೂರಿನಲ್ಲಿ ಪಾಠ ಮಾಡುತ್ತಿದ್ದಷ್ಟು ಕಾಲವೂ ನಾನು ಸಮೀಕರಣಕ್ಕೆ ಮೊದಲು ಇದನ್ನೇ ಮಾಡಿಸುತ್ತಿದ್ದೆ. ಹೀರುವಾಗ ಹುಟ್ಟುವ ಆ ಬಿಸಿಯನ್ನು ತಣ್ಣೀರು ಒಯ್ಯದಿದ್ದರೆ ಜೆಲ್ ಮುಂದೆ ಹೀರುವುದಿಲ್ಲ.

ಇನ್ನೊಂದು, ಸಮಯ. ಜೆಲ್ ಕ್ಷಣದಲ್ಲಿ 8 ಗ್ರಾಂ ಹೀರಿಬಿಡುತ್ತೆ ಎಂದು ಬರೆದಿದ್ದೀಯ. ಹೀರುವ ವೇಗ, ಇನ್ನೆಷ್ಟು ಬಾಕಿ ಇದೆ ಅನ್ನುವುದಕ್ಕೆ ತಕ್ಕಂತೆ ತಗ್ಗುತ್ತಾ ಹೋಗುತ್ತೆ. ಲೀನಿಯರ್ ಡ್ರೈವಿಂಗ್ ಫೋರ್ಸ್ ಸಮೀಕರಣ ಹೇಳುವುದು ಇಷ್ಟೇ. 10 ನಿಮಿಷಕ್ಕೆ 5 ಗ್ರಾಂ ಹೀರಿದರೆ 20 ನಿಮಿಷಕ್ಕೆ 10 ಆಗಲ್ಲ, 7ರ ಹತ್ತಿರ ಬರುತ್ತೆ. ಇದನ್ನು ಹಾಕಿ ನೋಡು: 10 ನಿಮಿಷಕ್ಕೆ ಪೆಟ್ಟಿಗೆ ಬದಲಿಸಿದರೆ ಸಿಒಪಿ 0.42, ತಂಪು 4 ಕಿಲೋವ್ಯಾಟ್. 20ಕ್ಕೆ ಬದಲಿಸಿದರೆ ಸಿಒಪಿ 0.49, ತಂಪು ಮಾತ್ರ 2.8.

ಎರಡರಲ್ಲಿ ನಾನಾದರೆ ಮೊದಲನೆಯದನ್ನೇ ಆರಿಸುತ್ತೇನೆ. ಚಿಮಣಿಯ ಬಿಸಿಗೆ ನಿಮ್ಮಪ್ಪ ದುಡ್ಡು ಕೊಡುತ್ತಿಲ್ಲ. ಟೊಮೆಟೊ ಬಾಡದಂತೆ ಉಳಿಸುವುದು ಕಿಲೋವ್ಯಾಟ್. ಸಿಒಪಿ ಹಿಂದೆ ಬಿದ್ದು ತಂಪು ಕಳಕೊಳ್ಳಬೇಡ. ಅವಧಿಯನ್ನು 5ರಿಂದ 30 ನಿಮಿಷದವರೆಗೆ ಬದಲಿಸಿ ಎರಡೂ ಗೆರೆಗಳನ್ನು ಒಂದೇ ಗ್ರಾಫಿನಲ್ಲಿ ಬರೆದು ಕಳಿಸಮ್ಮ. ಹಾಗೇ ಏಪ್ರಿಲ್ ಬಿಸಿಲಿಗೆಂದು ತಣ್ಣೀರು 34 ಡಿಗ್ರಿ ಇಟ್ಟು ಇನ್ನೊಮ್ಮೆ ಓಡಿಸು.